ಚಿಕಿತ್ಸೆಯ ಮೂರನೆಯ ಪಾದ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿದೆ. ವೈದ್ಯನು, ಔಷಧದ್ರವ್ಯ, ಉಪಸ್ಥಾತೃ, ರೋಗಿ ಎಂಬಿವೇ ಆ ನಾಲ್ಕು. ಉಪಸ್ಥಾತೃವೆಂದರೆ ರೋಗಿಯ ಬಳಿ ನಿಂತು ಉಪಚರಿಸುವವನು. ಇವುಗಳಲ್ಲಿ ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳಿರಬೇಕು. ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ, ಇವು ಪರಿಚಾರಕನ ಗುಣಗಳು. ನೆನಪು, ಹೇಳಿದಂತೆ ನಡೆಯುವಿಕೆ, ನಿರ್ಭಯತೆ, ತನ್ನ ಬಾಧೆಯನ್ನು ತಾನೇ ತಿಳಿಸುವ ಶಕ್ತಿ, ಇವು ರೋಗಿಯ ಗುಣಗಳು. ವೈದ್ಯವಿದ್ಯಾರ್ಥಿಗಳಲ್ಲದ ನಮಗೂ ಪಾಠಶಾಲೆಯ ಗುರುಗಳು ಈ ಭಾಗವನ್ನು ಕಂಠಪಾಠ ಮಾಡಿಸಿದ್ದರು. ಆದರೆ ಕಂಠದಲ್ಲಿದ್ದುದು ಮನಸ್ಸಿಗಿಳಿಯುವುದಕ್ಕೆ ನನಗೆ ನಲವತ್ತು ವರ್ಷಗಳಿಗೂ ಮೇಲಾಯಿತು. 2020ನೆಯ ಇಸವಿಯಲ್ಲಿ ನನ್ನ ತಮ್ಮನು ಒಂದು ಮಾನಸಿಕ ಚಿಕಿತ್ಸಾಲಯದಲ್ಲಿದ್ದನು.

ತಮ್ಮನು ಬಹುಕಾಲದಿಂದ ಚಿತ್ತವಿಕಾರದಿಂದ ನೊಂದವನು. ಅನ್ನದಲ್ಲಿ ಯಾರೋ ವಿಷ ಬೆರೆಸುತ್ತಿರುವರೆಂಬುದು ಅವನ ಹಳೆಯ ಶಂಕೆ. ಔಷಧದಿಂದ ಅದು ತಗ್ಗುವುದು, ಔಷಧ ಬಿಟ್ಟರೆ ಮತ್ತೆ ತಲೆಯೆತ್ತುವುದು. ಹಿಂದಿನ ವರ್ಷದ ಕೊನೆಯಲ್ಲಿ ಹಾಗಾಗಿ, ಅವನನ್ನು ಚಿಕಿತ್ಸಾಲಯಕ್ಕೆ ಸೇರಿಸಿ ಬಂದಿದ್ದೆನು. ಅಲ್ಲಿಯ ಪರಿಚಾರಕರಲ್ಲಿ ಒಬ್ಬನು ನನ್ನ ಹಳೆಯ ಶಿಷ್ಯ. ಶಾಲೆಯಲ್ಲಿ ಅವನು ಹಿಂದಿನ ಬೆಂಚಿನ ಹುಡುಗ. ಶಬ್ದರೂಪಗಳನ್ನು ಎಂದೂ ಸರಿಯಾಗಿ ಒಪ್ಪಿಸಿದವನಲ್ಲ.

ಆ ವರ್ಷದ ಫೆಬ್ರವರಿ ತಿಂಗಳಲ್ಲಿ ಪರದೇಶಗಳ ವಾರ್ತೆಗಳು ಬರತೊಡಗಿದವು. ಚೀನಾದೇಶದ ವೂಹಾನ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ ಸುಮಾರು 50 ಮಂದಿ ರೋಗಿಗಳಿಗೂ 30 ಮಂದಿ ಸಿಬ್ಬಂದಿಗೂ ಕೊರೋನಾ ಸೋಂಕು ತಗುಲಿತು. ದಕ್ಷಿಣ ಕೊರಿಯಾದ ಚೊಂಗ್ಡೋ ಎಂಬಲ್ಲಿಯ ದೇನಾಮ್ ಆಸ್ಪತ್ರೆಯ ಸುದ್ದಿ ಇನ್ನೂ ದಾರುಣವಾದುದು. ಅಲ್ಲಿ ಬಾಗಿಲು ಮುಚ್ಚಿದ ಮಾನಸಿಕ ವಿಭಾಗವೊಂದರಲ್ಲಿದ್ದ ನೂರಕ್ಕೂ ಹೆಚ್ಚು ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ರೋಗವು ಹರಡಿತು. ಆ ದೇಶದಲ್ಲಿ ಈ ರೋಗದಿಂದ ಮೊದಲು ಮೃತನಾದವನೂ ಅಲ್ಲಿಯ ರೋಗಿಯೇ. ಅವನು ಇಪ್ಪತ್ತು ವರ್ಷಗಳಿಗೂ ಮೀರಿ ಆ ಗೋಡೆಗಳೊಳಗೆ ಇದ್ದವನು. ಹೊರಗಿನವರ ಕಣ್ಣಿಗೆ ಬೀಳದೆ ಬಾಳಿದವನ ಹೆಸರು ಮರಣದ ಪಟ್ಟಿಯಲ್ಲಿ ಮೊದಲನೆಯದಾಯಿತು. ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ.

ಮಾರ್ಚಿ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಅದಕ್ಕೆ ನಾಲ್ಕೈದು ದಿನ ಮೊದಲು ಚಿಕಿತ್ಸಾಲಯದಿಂದ ದೂರವಾಣಿಯಲ್ಲಿ ಕರೆ ಬಂದಿತು: “ತಮ್ಮ ತಮ್ಮನವರು ಈಗ ಸಾಕಷ್ಟು ಸುಧಾರಿಸಿದ್ದಾರೆ, ಜನಸಂದಣಿಯನ್ನು ಕಡಮೆ ಮಾಡಬೇಕಾಗಿದೆ, ಮನೆಗೆ ಕರೆದುಕೊಂಡು ಹೋಗಲಾದೀತೆ?” ನನ್ನ ಹೆಂಡತಿಗೆ ಉಬ್ಬಸವಿದೆ, ಅವಳ ನೆವ ಹೇಳಿ, “ನೋಡೋಣ” ಎಂದೆನು. ನೆವವು ಸುಳ್ಳಲ್ಲ, ಆದರೆ ಪೂರ್ಣವಾಗಿ ಸತ್ಯವೂ ಅಲ್ಲ. ಹಗಲಿರುಳು ಅವನ ಶಂಕೆಯೊಡನೆ ಒಂದೇ ಮನೆಯಲ್ಲಿ ಕೂಡಿಬಾಳಲು ನನಗೆ ಧೈರ್ಯವಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ವಾಹನಗಳ ಸಂಚಾರ ನಿಂತುಹೋಯಿತು, ನನ್ನ ಮನಸ್ಸಿಗೆ ಸಮಾಧಾನವೂ ಆಯಿತು. ಈ ಸಮಾಧಾನವನ್ನು ನೆನೆದರೆ ಇಂದಿಗೂ ನಾಚಿಕೆಯಾಗುವುದು.

ಮುಂದೆ ಶಿಷ್ಯನು ವಾರಕ್ಕೊಮ್ಮೆ ರಾತ್ರಿ ದೂರವಾಣಿಯಲ್ಲಿ ಮಾತನಾಡುವನು. ಚಿತ್ತರೋಗಿಗಳ ಆಲಯವು ಸಾಂಕ್ರಾಮಿಕಕ್ಕೆ ಎಷ್ಟು ಸಿದ್ಧವಾಗಿರುವುದೆಂಬುದು ಅವನ ಮಾತಿನಿಂದ ನನಗೆ ತಿಳಿಯಿತು. ಅಲ್ಲಿಯವರು ಕಲಿತದ್ದು ಮನಸ್ಸಿನ ಉಪಚಾರವನ್ನು. ಸೋಂಕಿನ ನಿಯಮಗಳು ಅವರಿಗೆ ಬಹುಮಟ್ಟಿಗೆ ಹೊಸವು. ಮಿಕ್ಕ ಆಸ್ಪತ್ರೆಗಳಲ್ಲಿ ರೋಗಿಯು ಮಂಚದ ಮೇಲೆ ಮಲಗಿರುವನು. ಇಲ್ಲಿ ಎಲ್ಲರೂ ಓಡಾಡುವರು, ಒಂದೇ ಪಂಕ್ತಿಯಲ್ಲಿ ಉಣ್ಣುವರು, ಕೂಡಿ ಹಾಡುವರು, ಕೂಡಿ ಕೆಲಸ ಮಾಡುವರು. ಚಿಕಿತ್ಸೆಯೆಂದರೆ ಈ ಕೂಡುವಿಕೆಯೇ. ರೋಗವು ಬಂದು ಅದನ್ನೇ ಬಿಡಬೇಕೆಂದಿತು. ಕೈಗೆ ಹಚ್ಚುವ ದ್ರವವನ್ನು ಗೋಡೆಗೆ ತೂಗುಹಾಕುವಂತಿಲ್ಲ, ಅದರಲ್ಲಿ ಮದ್ಯಸಾರವಿರುವುದರಿಂದ ಯಾರಾದರೂ ಕುಡಿದುಬಿಟ್ಟಾರು. ಮುಖಗವಸಿನ ದಾರವನ್ನು ಕೂಡ ಜೀವದಾಶೆ ಬಿಟ್ಟವನ ಕೈಗೆ ಕೊಡಲು ಹೆದರಬೇಕು. ಸೋಂಕಿದವನನ್ನು ಬೇರೆ ಕೋಣೆಯಲ್ಲಿಟ್ಟರೆ, ತನ್ನನ್ನು ದಂಡಿಸಿದರೆಂದೇ ಅವನ ಭಾವನೆ. ಔಷಧಗಳ ವಿಚಾರವೂ ಹಾಗೆಯೇ. ಜ್ವರದಿಂದ ದೇಹದ ನೀರು ಬತ್ತಿದರೆ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಲ್ಲುದು. ಕ್ಲೋಜಪಿನ್ ಸೇವಿಸುವವನಿಗೆ ಜ್ವರ ಬಂದರೆ ಬಿಳಿಯ ರಕ್ತಕಣಗಳು ಕುಸಿದಿವೆಯೋ ಎಂದು ಒಡನೆಯೇ ಪರೀಕ್ಷಿಸಬೇಕು.

ಸಿಬ್ಬಂದಿಯ ಮನೋಭಾವವು ಎಲ್ಲರದೂ ಒಂದೇ ಬಗೆಯಾಗಿರಲಿಲ್ಲ. ಕೆಲವರು ರಜೆ ಹಾಕಿ ಊರಿಗೆ ಹೋದರು. ಕೆಲವರು ಉಳಿದರು, ಆದರೆ ತಟ್ಟೆಯನ್ನು ಬಾಗಿಲಲ್ಲಿಟ್ಟು ಹಿಂದಿರುಗುವರು. ನನ್ನ ಶಿಷ್ಯನ ಮನೆಯ ಯಜಮಾನನು, ಆಸ್ಪತ್ರೆಗೆ ಹೋಗುವುದಾದರೆ ಮನೆ ಖಾಲಿ ಮಾಡೆಂದನು. ಒಂದು ರಾತ್ರಿ ಶಿಷ್ಯನು, “ಮೇಷ್ಟ್ರೇ, ನನಗೂ ಎರಡು ಮಕ್ಕಳಿದ್ದಾರೆ. ಕೆಲಸ ಬಿಟ್ಟುಬಿಡಲೆ?” ಎಂದು ಕೇಳಿದನು. ನಾನೇನು ಹೇಳಲಿ? ಬಿಡೆಂದರೆ ಒಳಗಿರುವವನು ನನ್ನ ತಮ್ಮ. ಬಿಡಬೇಡವೆಂದರೆ, ಆ ತಮ್ಮನನ್ನು ಮನೆಗೆ ತರಲೊಲ್ಲದ ಅಣ್ಣನು ಪರರ ಮಗನಿಗೆ ಧರ್ಮೋಪದೇಶ ಮಾಡಿದಂತಾಗುವುದು. ಸುಮ್ಮನಿದ್ದೆನು. ಸ್ವಲ್ಪ ಹೊತ್ತಿನ ಮೇಲೆ ಅವನೇ, “ಹೋಗಲಿ ಬಿಡಿ, ನಾಳೆ ಬೆಳಗಿನ ಪಾಳಿ ನನ್ನದು” ಎಂದನು.

ಆಗಸ್ಟಿನಲ್ಲಿ ಒಂದು ದಿನ ತಮ್ಮನು ಊಟದ ತಟ್ಟೆಯನ್ನು ತಳ್ಳಿ, ಅನ್ನಕ್ಕೆ ರುಚಿಯಿಲ್ಲ, ವಿಷ ಹಾಕಿದ್ದೀರಿ ಎಂದು ಕೂಗಿದನು. ಹಳೆಯ ಶಂಕೆ ಮರುಕಳಿಸಿತೆಂದು ಔಷಧದ ಪ್ರಮಾಣವನ್ನು ಹೆಚ್ಚಿಸುವ ಮಾತು ನಡೆಯಿತು. ನಾನಿದ್ದರೂ ಹಾಗೆಯೇ ಎಣಿಸುತ್ತಿದ್ದೆನು. ಶಿಷ್ಯನು ಮಾತ್ರ ಯೋಚಿಸಿದನು: ವಿಷವೆಂಬ ಮಾತು ಹಳೆಯದು, ರುಚಿಯಿಲ್ಲವೆಂಬುದು ಹೊಸದು. ರುಚಿಯೂ ವಾಸನೆಯೂ ಅಡಗುವುದು ಈ ರೋಗದ ಲಕ್ಷಣವೆಂಬುದನ್ನು ಅವನು ಕೇಳಿದ್ದನು. ಒಂದು ಸಾಬೂನಿನ ಬಿಲ್ಲೆಯನ್ನು ತಂದು ಮೂಸಲು ಕೊಟ್ಟನು. ತಮ್ಮನಿಗೆ ಏನೂ ತಿಳಿಯಲಿಲ್ಲ. ಒಡನೆ ವೈದ್ಯರಿಗೆ ತಿಳಿಸಿದನು. ಪರೀಕ್ಷೆಯಲ್ಲಿ ಸೋಂಕು ಕಂಡಿತು.

ತನ್ನ ಬಾಧೆಯನ್ನು ತಿಳಿಸುವ ಶಕ್ತಿಯು ರೋಗಿಯ ಗುಣವೆಂದು ಶಾಸ್ತ್ರವು ಹೇಳಿತಷ್ಟೆ. ಚಿತ್ತರೋಗಿಯಲ್ಲಿ ಆ ಗುಣವೇ ಕುಂದಿರುವುದು. ಅವನು ತಿಳಿಸಿದರೂ ಕೇಳುವವರು ಅದನ್ನು ಹುಚ್ಚಿನ ಮಾತೆಂದು ತಳ್ಳುವರು. ನಾಲ್ಕನೆಯ ಪಾದವು ಕುಂಟಿದಾಗ ಅದರ ಭಾರವನ್ನು ಮೂರನೆಯದು ಹೊರಬೇಕು. ಶಬ್ದರೂಪ ಒಪ್ಪಿಸಲಾರದ ಹುಡುಗನು ಇದನ್ನು ಯಾವ ಗ್ರಂಥವನ್ನೂ ಓದದೆ ಅರಿತಿದ್ದನು.

ಹದಿನಾಲ್ಕು ದಿನ ತಮ್ಮನು ಬೇರೆ ಕೋಣೆಯಲ್ಲಿದ್ದನು. ಮೈಮುಚ್ಚುವ ಉಡುಪು ಧರಿಸಿ ಬಂದವರನ್ನು ಕಂಡರೆ ಅವನಿಗೆ ಯಮದೂತರನ್ನು ಕಂಡಂತಾಗುವುದು. ಅದಕ್ಕಾಗಿ ಶಿಷ್ಯನು ಎದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರನ್ನು ಬರೆದುಕೊಂಡು, ಮೊದಲು ಕಿಟಕಿಯ ಗಾಜಿನ ಆಚೆ ನಿಂತು ಬರಿಮುಖ ತೋರಿಸಿ, ಆಮೇಲೆ ಗವಸು ಹಾಕಿಕೊಂಡು ಒಳಗೆ ಬರುವನು. ತಟ್ಟೆಯಿಂದ ಒಂದು ತುತ್ತನ್ನು ಬೇರೆ ತೆಗೆದಿಟ್ಟು, ಗಾಜಿನ ಆಚೆ ತಾನೇ ಉಂಡು ತೋರಿಸುವನು. ತಮ್ಮನು ಗುಣವಾದನು. ಶಿಷ್ಯನಿಗೂ ಸೋಂಕು ತಗುಲಿ, ಇಪ್ಪತ್ತು ದಿನ ನರಳಿ, ಈಶ್ವರಾನುಗ್ರಹದಿಂದ ಎದ್ದನು.

2021ರ ಜನವರಿ 16ರಂದು ಲಸಿಕೆಯ ಕಾರ್ಯವು ಆರಂಭವಾದಾಗ, ಆರೋಗ್ಯ ಸಿಬ್ಬಂದಿಗೇ ಮೊದಲ ಸ್ಥಾನ ದೊರೆಯಿತು. ಆದರೆ ಗುರುತಿನ ಚೀಟಿಯೂ ಇಲ್ಲದೆ, ಬಂಧುಗಳೂ ಇಲ್ಲದೆ ಒಳಗೇ ಉಳಿದ ರೋಗಿಗಳ ಗತಿಯೇನು? ಚೀಟಿಯಿಲ್ಲದವರಿಗೂ ಲಸಿಕೆ ಹಾಕುವ ಕ್ರಮವನ್ನು ಸರಕಾರವು ಆ ವರ್ಷದ ಬೇಸಗೆಯಲ್ಲಿ ಗೊತ್ತುಮಾಡಿತು. ಮಾನಸಿಕ ಚಿಕಿತ್ಸಾಲಯದವರನ್ನು ಮರೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವೂ ಅದೇ ವರ್ಷ ಎಚ್ಚರಿಸಬೇಕಾಯಿತು.

ಆ ವೇಳೆಗೆ ತಮ್ಮನು ನಮ್ಮ ಮನೆಯಲ್ಲಿದ್ದನು. ನವೆಂಬರಿನಲ್ಲಿ ನಾನೇ ಹೋಗಿ ಕರೆತಂದೆನು. ಹೊರಡುವಾಗ ಶಿಷ್ಯನು ಔಷಧದ ಚೀಟಿಯನ್ನು ನನ್ನ ಕೈಗೆ ಕೊಟ್ಟು, “ಮೇಷ್ಟ್ರೇ, ಅನ್ನದಲ್ಲಿ ವಿಷ ಇದೆ ಅಂದರೆ ಬೈಯಬೇಡಿ. ಮೊದಲು ನೀವು ಒಂದು ತುತ್ತು ತಿನ್ನಿ” ಎಂದನು. ಅಂದಿನಿಂದ ನಾನೂ ತಮ್ಮನೂ ಎದುರುಬದುರು ಕುಳಿತು ಉಣ್ಣುತ್ತೇವೆ; ಮೊದಲ ತುತ್ತು ನನ್ನದು.