ಬಾಲಂಗೋಚಿಯ ಮಹಿಮೆ



ಇಂಗ್ಲಿಷ್ ಭಾಷೆಯ ದೊಡ್ಡ ಶಬ್ದಗಳು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಅವು ಪಠ್ಯಪುಸ್ತಕದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಪಾಠದ ಕೊನೆಯಲ್ಲಿ ಅವುಗಳ ಅರ್ಥವನ್ನು ಕೊಟ್ಟಿರುತ್ತಾರೆ. ಬಾಯಿಪಾಠ ಮಾಡಿದವನಿಗೆ ಒಂದು ಅಂಕಕ್ಕೆ ಮೋಸವಿಲ್ಲ. ನಮ್ಮನ್ನು ನಿಜವಾಗಿ ಕಾಡುವವು ಸಣ್ಣ ಶಬ್ದಗಳು. ‘ಗೆಟ್’, ‘ಪುಟ್’, ‘ಲುಕ್’, ‘ಟೇಕ್’, ‘ರನ್’ ಇವುಗಳನ್ನು ಪ್ರಾಥಮಿಕ ಶಾಲೆಯ ಮಗುವೂ ಬಲ್ಲದು. ‘ಅಪ್’, ‘ಆಫ್’, ‘ಔಟ್’, ‘ಆನ್’ ಇವೂ ಎಲ್ಲರ ಬಾಯಲ್ಲಿರುವವೇ. ಆದರೆ ಬಲ್ಲ ಶಬ್ದಗಳೆರಡು ಕೂಡಿದೊಡನೆ ನಾವು ಬಲ್ಲದ ಮೂರನೆಯ ಅರ್ಥವೊಂದು ಹುಟ್ಟಿಕೊಳ್ಳುತ್ತದೆ. ನಮ್ಮೂರ ಕಡೆ ಹುಡುಗರು ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುವುದುಂಟು. ನೋಡುವುದಕ್ಕೆ ಅದೊಂದು ಹರಕು ಬಟ್ಟೆಯ ಚೂರು. ಆದರೆ ಪಟವು ಎತ್ತ ವಾಲಬೇಕು, ಹೇಗೆ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದು ಅದೇ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಸಣ್ಣ ಅವ್ಯಯಗಳು ಅಂತಹ ಬಾಲಂಗೋಚಿಗಳು. ಅವುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ನಿಮ್ಮೊಡನೆ ಆಡಬೇಕೆಂದು ನಮ್ಮ ಆಸೆ.

ನಾವು ಕಲಬುರಗಿ ಸೀಮೆಯ ಹಳ್ಳಿಯವರು. ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಮೊದಲು ಕಂಡು, ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೇ ಮುಗಿಸಿದವರು. ಮುಂದೆ ಅನ್ನದ ಋಣ ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಕುಳ್ಳಿರಿಸಿ ನಮ್ಮನ್ನು ಈ ಮಹಾನಗರಕ್ಕೆ ತಂದಿತು. ನಿಮ್ಮ ಭಾಗ್ಯ ನಮ್ಮದಕ್ಕಿಂತ ದೊಡ್ಡದು. ಮನೆಯಲ್ಲಿ ಕನ್ನಡವೋ ತುಳುವೋ, ಚಾಳಿನ ಅಂಗಳದಲ್ಲಿ ಹಿಂದಿ, ಪೇಟೆಯಲ್ಲಿ ಮರಾಠಿ, ಹೀಗೆ ನಿಮ್ಮ ಕಿವಿ ಎಳೆತನದಿಂದಲೇ ಪಳಗಿದೆ. ಆದರೂ ಹತ್ತನೆಯ ತರಗತಿಯನ್ನು ದಾಟಿ ಕಾಲೇಜಿಗೆ ಕಾಲಿಟ್ಟೊಡನೆ ಕನ್ನಡ ಮಾಧ್ಯಮ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಇಂಗ್ಲಿಷು. ಆ ಹೊಸ್ತಿಲಿನಲ್ಲಿ ನಮ್ಮ ಮಕ್ಕಳು ಎಡವುವುದು ದೊಡ್ಡ ಶಬ್ದಗಳ ಬಂಡೆಗಲ್ಲಿಗಲ್ಲ, ಸಣ್ಣ ಶಬ್ದಗಳ ಹರಳುಗಲ್ಲಿಗೆ.

ಇದಕ್ಕೆ ಉದಾಹರಣೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಿತ್ಯವೂ ನಾವು ಹತ್ತಿ ಇಳಿಯುವ ಲೋಕಲ್ ಗಾಡಿಯನ್ನೇ ನೋಡೋಣ. ‘ದಾದರದಲ್ಲಿ ಇಳಿಯುತ್ತೇನೆ’ ಎನ್ನುವುದಕ್ಕೆ ನಾವೆಲ್ಲ ‘ಗೆಟ್ ಡೌನ್’ ಎನ್ನುತ್ತೇವೆ. ಕನ್ನಡದ ‘ಇಳಿ’, ಮರಾಠಿ ಹಿಂದಿಗಳ ‘ಉತರ್’ ಇವೆಲ್ಲವುಗಳಲ್ಲಿಯೂ ಕೆಳಗೆ ಬರುವ ಅರ್ಥವಿರುವುದರಿಂದ ‘ಡೌನ್’ ನಮಗೆ ಸಹಜವಾಗಿ ಒದಗಿಬಂದಿದೆ. ನಮ್ಮ ದೇಶದಲ್ಲಿ ಅದು ಎಲ್ಲರಿಗೂ ತಿಳಿಯುತ್ತದೆ. ಆದರೆ ಇಂಗ್ಲೆಂಡಿನವನು ಗಾಡಿಯಿಂದ ‘ಗೆಟ್ ಆಫ್’ ಆಗುತ್ತಾನೆ, ಟ್ಯಾಕ್ಸಿಯಿಂದ ‘ಗೆಟ್ ಔಟ್’ ಆಗುತ್ತಾನೆ. ಈ ಭೇದವೇಕೆ? ಎದ್ದುನಿಂತು ನಡೆದಾಡಲು ಸ್ಥಳವಿರುವ ಬಸ್ಸು, ರೈಲು, ಹಡಗು, ವಿಮಾನಗಳಿಗೆ ‘ಆನ್’ ಮತ್ತು ‘ಆಫ್’. ಮೈಯನ್ನು ಮುದುಡಿಕೊಂಡು ಒಳಗೆ ಕೂರಬೇಕಾದ ಕಾರು, ಟ್ಯಾಕ್ಸಿ, ರಿಕ್ಷಾಗಳಿಗೆ ‘ಇನ್’ ಮತ್ತು ‘ಔಟ್’. ಸಂಜೆ ಆರು ಗಂಟೆಯ ವಿರಾರ್ ಗಾಡಿಯಲ್ಲಿ ನಡೆದಾಡುವುದಿರಲಿ, ಉಸಿರಾಡಲೂ ಸ್ಥಳವಿರುವುದಿಲ್ಲವೆಂಬುದು ಬೇರೆಯ ಮಾತು!

ಇನ್ನು ಉಡುಗೆತೊಡುಗೆಯ ವಿಷಯ. ಕನ್ನಡದ ಐಶ್ವರ್ಯವನ್ನು ಇಲ್ಲಿ ನೋಡಬೇಕು. ನಾವು ಸೀರೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ, ಪೇಟವನ್ನು ಸುತ್ತುತ್ತೇವೆ, ಕನ್ನಡಕವನ್ನು ಹಾಕಿಕೊಳ್ಳುತ್ತೇವೆ. ಇಂಗ್ಲಿಷಿನವನು ಇಷ್ಟೆಲ್ಲವನ್ನೂ ‘ಪುಟ್ ಆನ್’ ಎಂಬ ಒಂದೇ ಜೋಡಿಯಿಂದ ಸಾಗಿಸಿಬಿಡುತ್ತಾನೆ. ಬಿಚ್ಚುವುದಕ್ಕೆ ‘ಟೇಕ್ ಆಫ್’. ಆದರೆ ಕುರ್ಲಾ ಸಾಂತಾಕ್ರೂಜ್‌ಗಳ ಕಡೆ ವಾಸವಾಗಿರುವವರು ತಲೆಯ ಮೇಲೆಯೇ ಏರಿಹೋಗುವ ವಿಮಾನಗಳನ್ನು ದಿನವೂ ನೋಡುತ್ತೀರಷ್ಟೆ? ಅದೂ ‘ಟೇಕ್ ಆಫ್’ ಆಗುತ್ತದೆ. ಪಾದರಕ್ಷೆಯು ಕಾಲನ್ನು ಬಿಡುತ್ತದೆ, ವಿಮಾನವು ನೆಲವನ್ನು ಬಿಡುತ್ತದೆ. ‘ಆಫ್’ ಎಂಬುದು ಬಿಡುಗಡೆಯನ್ನು ಸೂಚಿಸುತ್ತದೆಂದು ತಿಳಿದರೆ ಎರಡೂ ಒಂದೇ ದಾರಕ್ಕೆ ಪೋಣಿಸಿದಂತಾಗುತ್ತವೆ. ಹಾಗೆಯೇ ‘ರನ್ ಔಟ್’. ಮೈದಾನದಲ್ಲಿ ಕ್ರಿಕೆಟ್ ಆಡುವ ಯಾವ ಹುಡುಗನಿಗೆ ಅದರ ಅರ್ಥ ತಿಳಿಯದು? ಆದರೆ ‘ವಿ ಹ್ಯಾವ್ ರನ್ ಔಟ್ ಆಫ್ ವಾಟರ್’ ಎಂದರೆ ಮನೆಯಲ್ಲಿ ನೀರು ಮುಗಿದುಹೋಗಿದೆ ಎಂದರ್ಥ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗಾಗಿ ಕೊಡವಿಟ್ಟು ಕಾಯುವ ನಮ್ಮಂತಹವರಿಗೆ ಈ ವಾಕ್ಯಕ್ಕಿಂತ ಉಪಯುಕ್ತವಾದ ವಾಕ್ಯ ಬೇರೊಂದಿಲ್ಲ.

ಇದೆಲ್ಲ ವಿನೋದವೆಂದು ತೋರಬಹುದು. ಆದರೆ ಒಮ್ಮೊಮ್ಮೆ ಈ ಬಾಲಂಗೋಚಿಗೆ ಬದುಕೇ ಸಿಕ್ಕಿಕೊಳ್ಳುವುದುಂಟು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಕಲಿತು, ಆಮೇಲೆ ಹನ್ನೆರಡನೆಯ ತರಗತಿಯನ್ನೂ ಮುಗಿಸಿದ ಹುಡುಗಿಯೊಬ್ಬಳು ಒಂದು ದಿನ ಶಾಲೆಗೆ ಬಂದಳು. ತಂದೆ ಗಾರೆಕೆಲಸದವರು, ತಾಯಿ ನಾಲ್ಕು ಮನೆಗಳ ಪಾತ್ರೆ ತಿಕ್ಕುವವರು. ಹುಡುಗಿ ಒಂದು ಕಚೇರಿಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನದ ಹಿಂದಿನ ದಿನ ಮೊಬೈಲಿಗೆ ಸಂದೇಶವೊಂದು ಬಂದಿತ್ತು: ‘ಇಂಟರ್‌ವ್ಯೂ ಪುಟ್ ಆಫ್, ವಿಲ್ ಗೆಟ್ ಬ್ಯಾಕ್ ಟು ಯು.’ ದೀಪವನ್ನು ಆಫ್ ಮಾಡಿದಂತೆ ಸಂದರ್ಶನವನ್ನೂ ಆರಿಸಿಬಿಟ್ಟರೆಂದು ಆಕೆ ತಿಳಿದಳು. ‘ಬ್ಯಾಕ್’ ಎಂದರೆ ಹಿಂದಕ್ಕೆ; ಆದ್ದರಿಂದ ಅರ್ಜಿಯನ್ನು ಹಿಂದಕ್ಕೆ ಕಳುಹಿಸುತ್ತಾರೆಂದು ಭಾವಿಸಿದಳು. ಸಂದರ್ಶನಕ್ಕೆಂದು ನೆರೆಯವರಿಂದ ತಂದಿದ್ದ ಒಳ್ಳೆಯ ಚೀಲವನ್ನು ಮರಳಿಸಿದ್ದೂ ಆಗಿತ್ತು. ಮರುದಿನದಿಂದ ತಾಯಿಯ ಜತೆಗೆ ಕೆಲಸಕ್ಕೆ ಹೋಗುವೆನೆಂದು ಹೇಳಿ, “ಗುರುಗಳೇ, ನಮ್ಮಂಥವರಿಗೆ ಇದೆಲ್ಲ ಆಗಿಬರೋದಿಲ್ಲರಿ” ಎಂದು ತಲೆ ತಗ್ಗಿಸಿದಳು.

ನಾವು ಆ ಸಂದೇಶವನ್ನು ಓದಿ ಅರ್ಥವನ್ನು ಹೇಳಿದೆವು. ‘ಪುಟ್ ಆಫ್’ ಎಂದರೆ ಮುಂದಕ್ಕೆ ಹಾಕುವುದು. ‘ಕಾಲ್ ಆಫ್’ ಎಂದಿದ್ದರೆ ಮಾತ್ರ ರದ್ದುಮಾಡುವುದು. ‘ಗೆಟ್ ಬ್ಯಾಕ್ ಟು ಯು’ ಎಂದರೆ ನಿಮಗೆ ಮತ್ತೆ ತಿಳಿಸುತ್ತೇವೆ ಎಂದು. ಆಕೆ ಅಲ್ಲಿಯೇ ನಿಂತು ಆ ಕಚೇರಿಗೆ ಫೋನು ಮಾಡಿದಳು. ಮುಂದಿನ ವಾರ ಬರಬೇಕೆಂಬ ಉತ್ತರ ದೊರೆಯಿತು. ಆ ಕೆಲಸ ಆಕೆಗೆ ಸಿಗಲಿಲ್ಲ. ಆದರೆ ಸಂದರ್ಶನದಲ್ಲಿ ಕುಳಿತು, ಕೇಳಿದ್ದಕ್ಕೆ ಉತ್ತರ ಹೇಳಿ, ಆ ಮೇಲೆ ಸಿಗದೆ ಹೋದದ್ದು ಒಂದು ಬಗೆ; ‘ಆಫ್’ ಎಂಬ ಶಬ್ದಕ್ಕೆ ಅಂಜಿ ಬಾಗಿಲ ಬಳಿಯಿಂದಲೇ ತಿರುಗಿಬರುವುದು ಮತ್ತೊಂದು ಬಗೆ. ಎರಡನೆಯ ಸಂದರ್ಶನಕ್ಕೆ ಹೋಗುವ ಧೈರ್ಯ ಆಕೆಗೆ ಬಂದದ್ದು ಮೊದಲನೆಯದಕ್ಕೆ ಹೋದುದರಿಂದ. ಇಂದು ಆಕೆ ಅಂಧೇರಿಯಲ್ಲಿ ಕೆಲಸದಲ್ಲಿದ್ದಾಳೆ.

ಈ ತೊಡಕು ನಮಗೆ ಮಾತ್ರವೇ ಎಂದು ಕೊರಗಬೇಕಾಗಿಲ್ಲ. ಇಂಗ್ಲಿಷಿನ ಹೆಸರಾಂತ ನಿಘಂಟುಕಾರರಾದ ಸ್ಯಾಮ್ಯುಯಲ್ ಜಾನ್ಸನ್ ಅವರು 1755ರಲ್ಲಿ ಪ್ರಕಟಿಸಿದ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ, ಪರದೇಶದವರಿಗೆ ಅತ್ಯಂತ ಕಷ್ಟವನ್ನು ಕೊಡುವುದು ಈ ಬಗೆಯ ಜೋಡಣೆಯೆಂದು ಒಪ್ಪಿಕೊಂಡಿದ್ದಾರೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದುದು ಬಹಳ ತಡವಾಗಿ. ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ವಿದ್ವಾಂಸರು 1925ರ ತಮ್ಮ ಗ್ರಂಥವೊಂದರಲ್ಲಿ ಅದನ್ನು ಬಳಸಿದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ ನ್ಯಾಯಾಲಯಗಳಲ್ಲಿ ಫ್ರೆಂಚ್ ಭಾಷೆಯು ನೆಲೆಸಿತು. ವಿದ್ವಾಂಸರ ಮೂಲಕ ಲ್ಯಾಟಿನ್ ಶಬ್ದಗಳು ಹೊಕ್ಕವು. ಹೀಗಾಗಿ ಒಂದೊಂದು ಕೆಲಸಕ್ಕೆ ಎರಡೆರಡು ಮಾತುಗಳಾದವು: ಬರವಣಿಗೆಗೆ ‘ಪೋಸ್ಟ್‌ಪೋನ್’, ಮನೆಮಾತಿಗೆ ‘ಪುಟ್ ಆಫ್’, ಬರವಣಿಗೆಗೆ ‘ಟಾಲರೇಟ್’, ಮನೆಮಾತಿಗೆ ‘ಪುಟ್ ಅಪ್ ವಿತ್’. ನಮ್ಮಲ್ಲಿಯೂ ‘ತ್ಯಜಿಸು’ ಎಂಬುದೊಂದು, ‘ಬಿಟ್ಟುಕೊಡು’ ಎಂಬುದೊಂದು ಇರುವಂತೆಯೇ ಇದು. ನಾವು ಇಂಗ್ಲಿಷನ್ನು ಪುಸ್ತಕದಿಂದ ಕಲಿಯುವುದರಿಂದ ಅದರ ಅರಮನೆಯ ಮಾತು ನಮಗೆ ಬೇಗ ಬರುತ್ತದೆ, ಅಡಿಗೆಮನೆಯ ಮಾತು ತಡವಾಗಿ ಬರುತ್ತದೆ.

ವಾಸ್ತವವಾಗಿ ಈ ವಿದ್ಯೆಯು ಕನ್ನಡಿಗರಿಗೆ ಹೊಸದೇನೂ ಅಲ್ಲ. ಕನ್ನಡವನ್ನು ಹೊಸದಾಗಿ ಕಲಿಯುವ ಮರಾಠಿ ಗೆಳೆಯನೊಬ್ಬನಿಗೆ ನಮ್ಮ ‘ಕೈ’ಯನ್ನು ತೋರಿಸಿ ನೋಡಿರಿ. ಕೈಹಾಕುವುದೆಂದರೆ ಕೆಲಸವನ್ನು ಆರಂಭಿಸುವುದು, ಕೈಬಿಡುವುದೆಂದರೆ ತೊರೆಯುವುದು, ಕೈಕೊಡುವುದೆಂದರೆ ವಂಚಿಸುವುದು, ಕೈಗೂಡುವುದೆಂದರೆ ಫಲಿಸುವುದು, ಕೈಹಿಡಿಯುವುದೆಂದರೆ ಮದುವೆಯಾಗುವುದೂ ಹೌದು, ಆಪತ್ತಿನಲ್ಲಿ ಕಾಪಾಡುವುದೂ ಹೌದು. ಆ ಬಡಪಾಯಿಗೆ ನಮ್ಮ ಕೈಯೊಂದೇ ಸಾಕು, ಕಂಗೆಡಿಸಲು! ಸಂಸ್ಕೃತವನ್ನು ನೋಡಿದರೆ ‘ಹಾರ’ ಎಂಬುದರ ಹಿಂದೆ ಸಣ್ಣ ಉಪಸರ್ಗವೊಂದನ್ನು ಸೇರಿಸಿ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ಐದು ಲೋಕಗಳನ್ನೇ ಸೃಷ್ಟಿಸಿದ್ದಾರೆ. ಸಂಸ್ಕೃತದಲ್ಲಿ ಈ ತುಂಡು ಧಾತುವಿನ ಮುಂಚೆ ಬರುತ್ತದೆ, ಇಂಗ್ಲಿಷಿನಲ್ಲಿ ಕ್ರಿಯಾಪದದ ಅನಂತರ ಬರುತ್ತದೆ, ಇಷ್ಟೇ ವ್ಯತ್ಯಾಸ.

ಆದ್ದರಿಂದ ಬಾಯಿಪಾಠಕ್ಕಿಂತ ಮೊದಲು ಬಾಲಂಗೋಚಿಯ ಸ್ವಭಾವವನ್ನು ಗುರುತಿಸಿರಿ. ‘ಅಪ್’ ಅನೇಕ ಕಡೆಗಳಲ್ಲಿ ನಮ್ಮ ‘ಬಿಡು’ವಿನಂತೆ ಪೂರ್ಣತೆಯನ್ನು ಹೇಳುತ್ತದೆ: ‘ಈಟ್ ಅಪ್’ ಎಂದರೆ ತಿಂದುಬಿಡು, ‘ಡ್ರಿಂಕ್ ಅಪ್’ ಎಂದರೆ ಕುಡಿದುಬಿಡು. ‘ಆನ್’ ಮುಂದುವರಿಯುವುದನ್ನು ಹೇಳುತ್ತದೆ: ‘ರೀಡ್ ಆನ್’ ಎಂದರೆ ಓದುತ್ತ ಹೋಗು. ‘ಆಫ್’ ಬೇರ್ಪಡುವುದನ್ನೂ ‘ಬ್ಯಾಕ್’ ಮರಳುವುದನ್ನೂ ಸೂಚಿಸುತ್ತವೆ. ಎಲ್ಲ ಕಡೆಗೂ ಈ ಸೂತ್ರ ಒಪ್ಪುವುದಿಲ್ಲ. ಆದರೂ ಕತ್ತಲಲ್ಲಿ ನಡೆಯುವವನಿಗೆ ಕೈಗೋಲಿನಷ್ಟು ಆಸರೆಯಾಗುತ್ತದೆ.

ಶಬ್ದಗಳ ಸ್ಥಾನವನ್ನೂ ಗಮನಿಸಬೇಕು. ‘ಪುಟ್ ಆನ್ ದ ಶರ್ಟ್’ ಎಂದರೂ ಸರಿ, ‘ಪುಟ್ ದ ಶರ್ಟ್ ಆನ್’ ಎಂದರೂ ಸರಿ. ಆದರೆ ಅಂಗಿಯ ಬದಲು ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆನ್’. ನೋಡಿಕೊಳ್ಳುವುದೆಂಬ ಅರ್ಥದ ‘ಲುಕ್ ಆಫ್ಟರ್’ ಎಂಬ ಜೋಡಿ ಹಾಗಲ್ಲ. ಅದನ್ನು ಅಗಲಿಸಲು ಬಾರದು. ‘ಲುಕ್ ಆಫ್ಟರ್ ಹಿಮ್’ ಎಂದೇ ಹೇಳಬೇಕು. ಇದಕ್ಕೆ ಕಾರಣವನ್ನು ಹುಡುಕುವುದಕ್ಕಿಂತ ಕಿವಿಯನ್ನು ಪಳಗಿಸುವುದು ಲೇಸು.

ಅದಕ್ಕೊಂದು ಸುಲಭವಾದ ಉಪಾಯವುಂಟು. ನಾಲ್ಕಾಣೆ ಎಂಟಾಣೆಯ ಕಾಲ ಹೋಯಿತು. ಹತ್ತು ರೂಪಾಯಿಯ ಒಂದು ಸಣ್ಣ ಟಿಪ್ಪಣಿ ಪುಸ್ತಕವನ್ನು ಕಿಸೆಯಲ್ಲಿಟ್ಟುಕೊಳ್ಳಿರಿ. ನಿಲ್ದಾಣದ ಫಲಕದಲ್ಲಿ, ಬ್ಯಾಂಕಿನ ಅರ್ಜಿಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಮೊಬೈಲಿನ ಸಂದೇಶದಲ್ಲಿ ಇಂತಹ ಜೋಡಿ ಕಂಡಾಗ ಇಡೀ ವಾಕ್ಯವನ್ನೇ ಬರೆದುಕೊಳ್ಳಿರಿ. ಬಿಡಿ ಶಬ್ದವನ್ನು ಬರೆದರೆ ಅದು ನೀರಿನಿಂದ ತೆಗೆದ ಮೀನಾಗುತ್ತದೆ, ವಾಕ್ಯದಲ್ಲಿದ್ದರೆ ಜೀವಂತವಾಗಿರುತ್ತದೆ. ಅದರ ಎದುರಿಗೆ ನಿಮ್ಮ ತಾಯಿ ಆ ಮಾತನ್ನು ಹೇಗೆ ಹೇಳುತ್ತಿದ್ದರೋ ಹಾಗೆ ಕನ್ನಡದಲ್ಲಿ ಬರೆಯಿರಿ. ದಿನಕ್ಕೆ ಒಂದರಂತೆ ಕೂಡಿಸಿದರೂ ವರ್ಷಕ್ಕೆ 365 ಆಗುತ್ತವೆ. ತಿಳಿಯದಿದ್ದಲ್ಲಿ ಕೇಳಿರಿ. ಕೇಳುವುದಕ್ಕೆ ನಾಚಿಕೆಪಟ್ಟವನಿಗೆ ಯಾವ ಭಾಷೆಯೂ ಒಲಿದುದಿಲ್ಲ.

ಕನ್ನಡದಲ್ಲಿ ಕಲಿತುದರಿಂದ ಇಂಗ್ಲಿಷ್ ಬಾರದೆಂದು ಈ ನಗರದಲ್ಲಿ ಹೇಳುವವರು ಬಹಳ ಮಂದಿ. ಅವರೊಡನೆ ವಾದಕ್ಕೆ ಇಳಿಯಬೇಡಿರಿ. ತನ್ನ ಭಾಷೆಯ ಮರ್ಮವನ್ನು ಬಲ್ಲವನು ಮತ್ತೊಂದು ಭಾಷೆಯ ಮರ್ಮವನ್ನು ಬೇಗನೆ ಹಿಡಿಯುತ್ತಾನೆಂಬುದನ್ನು ನಡೆದು ತೋರಿಸಿರಿ. ಕನ್ನಡವನ್ನು ಕೈಬಿಡದೆ ಇಂಗ್ಲಿಷಿಗೆ ಕೈಹಾಕಿರಿ. ಎರಡೂ ನಿಮ್ಮ ಕೈಹಿಡಿಯುತ್ತವೆ. ನಿಮ್ಮ ಪ್ರಯತ್ನ ಕೈಗೂಡಲೆಂದು ಹಾರೈಸುತ್ತೇವೆ.