ಹಸಿರೆಲೆಯ ಮುದ್ರೆ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬುದು ಹಿರಿಯರ ಮಾತು. ಇದನ್ನು ಮರೆತು ನಾವು ಪಟ್ಟ ಅನುಭವವೊಂದನ್ನು ವಾಚಕರ ಮುಂದಿಡುತ್ತೇವೆ.

ಕಳೆದ ಯುಗಾದಿಯ ಸಾಮಾನಿಗೆಂದು ಕಳಲೆಯಿಂದ ನಂಜನಗೂಡಿಗೆ ಹೋಗಿದ್ದೆವು. ಅಂಗಡಿಯಲ್ಲಿ ಸಾಬೂನಿನ ಪೆಟ್ಟಿಗೆಯೊಂದು ಕಣ್ಣಿಗೆ ಬಿದ್ದಿತು. ಅದರ ಮೇಲೊಂದು ಹಸಿರೆಲೆಯ ಮುದ್ರೆ. ಕೆಳಗೆ 'ಕಾರ್ಬನ್ ನ್ಯೂಟ್ರಲ್' ಎಂಬ ಬರಹ. ಬೆಲೆ ಹೆಚ್ಚಾಗಿದ್ದರೂ, ಲೋಕಕ್ಕೆ ಕೇಡಿಲ್ಲದ ವಸ್ತುವೆಂದು ನಂಬಿ ಕೊಂಡು ತಂದೆವು. ಪುಣ್ಯ ಸಂಪಾದಿಸಿದವರಂತೆ, ಅಂದಿನಿಂದ ಸಾಬೂನನ್ನೂ ಬಿಸಿನೀರನ್ನೂ ಧಾರಾಳವಾಗಿ ಬಳಸತೊಡಗಿದೆವು.

ತಿಂಗಳು ಕಳೆದ ಮೇಲೆ ನಮ್ಮ ಮೊಮ್ಮಗಳು ಪೆಟ್ಟಿಗೆಯನ್ನು ತಿರುವಿ ನೋಡಿ, "ಇದನ್ನು ಮಾಡುವಾಗ ಹೊಗೆಯೇ ಏಳುವುದಿಲ್ಲವೆ?" ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ.

ವಿಚಾರಿಸಲಾಗಿ ತಿಳಿದುದಿಷ್ಟು. ತಾನು ಹೊರಬಿಡುವಷ್ಟು ಇಂಗಾಲಾಮ್ಲ ವಾಯುವನ್ನು ಬೇರೆಲ್ಲಿಯೋ ಹೀರಿಸಿದೆನೆಂದೋ ತಡೆದೆನೆಂದೋ ಲೆಕ್ಕ ಸರಿದೂಗಿಸಿದ ಕಂಪನಿಯು ಈ ಮಾತನ್ನು ಬಳಸುತ್ತದೆ. ತನ್ನ ಕಾರ್ಖಾನೆಯಲ್ಲಿ ಏನನ್ನೂ ತಗ್ಗಿಸದೆ, ದೂರದಲ್ಲಿ ಗಿಡ ನೆಡುವವರಿಗೆ ಹಣ ಕೊಟ್ಟೂ ಹಾಗೆ ಹೇಳಿಕೊಳ್ಳುವುದುಂಟು. ವಾಯು ಏಳುವುದು ಇಂದು. ಗಿಡ ಮರವಾಗಲು ಹಲವು ವರ್ಷ ಬೇಕು. ನಡುವೆ ಅದು ಒಣಗಿದರೆ, ಕಾಡುಗಿಚ್ಚಿಗೆ ಸಿಕ್ಕಿದರೆ, ಲೆಕ್ಕವೆಲ್ಲ ಬರಿಯ ಕಾಗದ. ಕಳಲೆಯೆಂದರೆ ಎಳೆಬಿದಿರಿನ ಮೊಳಕೆಯಷ್ಟೆ. ಕಳಲೆಯನ್ನು ತೋರಿಸಿ ಬಿದಿರುಮೆಳೆಯ ಬೆಲೆ ಕೇಳಿದರೆ ನಮ್ಮೂರವರು ಕೊಟ್ಟಾರೆ?

ಇದು ಅಧಿಕಾರಸ್ಥರ ಗಮನಕ್ಕೂ ಬಂದಿದೆ. ಇಂತಹ ಮಾತುಗಳನ್ನು ತಕ್ಕ ವಿವರಣೆಯೂ ಆಧಾರವೂ ಇಲ್ಲದೆ ಬಳಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಸರಿದೂಗಿಕೆಯ ಫಲ ಎರಡು ವರ್ಷದೊಳಗೆ ದೊರೆಯದಿದ್ದಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂಬುದು ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಪರಿಷತ್ತು ಅದೇ ವರ್ಷದ ಫೆಬ್ರವರಿಯಲ್ಲಿ ಜಾರಿಗೆ ತಂದ ನಿಯಮ. ಜರ್ಮನಿಯ ಫೆಡರಲ್ ನ್ಯಾಯಾಲಯವೂ 2024ರ ಜೂನಿನಲ್ಲಿ, ಮಿಠಾಯಿ ತಯಾರಕರೊಬ್ಬರ ಮೊಕದ್ದಮೆಯಲ್ಲಿ, ಇಂತಹ ಮಾತಿನ ಅರ್ಥವನ್ನು ಜಾಹೀರಾತಿನಲ್ಲಿಯೇ ವಿವರಿಸತಕ್ಕದ್ದೆಂದು ತೀರ್ಪಿತ್ತಿತು.

ಆದರೆ ಮಾರಿದವರನ್ನಷ್ಟೇ ದೂರಿ ಸುಮ್ಮನಾಗಲು ನಮ್ಮ ಮನಸ್ಸೊಪ್ಪದು. ಹೆಚ್ಚಿಗೆ ತೆತ್ತ ಹಣ ಅಲ್ಪವೇ. ಅದರೊಡನೆ ನಮ್ಮ ಮಿತವ್ಯಯವನ್ನೂ ಒಪ್ಪಿಸಿಬಿಟ್ಟಿದ್ದೆವು. ದುಡ್ಡು ಕೊಟ್ಟ ಮೇಲೆ ನೀರು ಕಾಯಿಸುವ ಲೆಕ್ಕ ನಮಗೇಕೆಂಬ ಭಾವ ಮನೆಯನ್ನು ಹೊಕ್ಕಿತ್ತು. ಆ ಎಲೆಯ ನಿಜವಾದ ಬೆಲೆ ಅದು.

ಈಗ ನಮ್ಮ ಮನೆಯಲ್ಲಿ ಹಳೆಯ ಸಾಬೂನೇ ಇದೆ. ಬಿಸಿನೀರಿಗೆ ಮಿತಿಯೂ ಇದೆ. ಹಸಿರೆಲೆ ಕಂಡಾಗ ಮೊಮ್ಮಗಳೇ ಕೇಳುತ್ತಾಳೆ: ಎಷ್ಟು ತಗ್ಗಿಸಿದರು? ಎಷ್ಟನ್ನು ಹಣ ಕೊಟ್ಟು ಸರಿದೂಗಿಸಿದರು? ಎಲ್ಲಿ, ಎಂದು? ಉತ್ತರ ಸಿಗದ ಪೆಟ್ಟಿಗೆಯನ್ನು ನಾವು ಇದ್ದಲ್ಲಿಯೇ ಇಟ್ಟು ಬರುತ್ತೇವೆ.