ಜ್ವರ ಇಳಿದ ಮೇಲೆ

ಮಗಳ ಜ್ವರ ಇಳಿದ ದಿನ ಬೆಳಗ್ಗೆ ದೇವರಿಗೆ ಥ್ಯಾಂಕ್ಸ್ ಹೇಳಿದ್ದೆ. ಸ್ವಲ್ಪ ಬೇಗನೇ ಹೇಳಿಬಿಟ್ಟೆ ಅಂತ ಗೊತ್ತಾಗಿದ್ದು ಸಂಜೆ.

ದಸರಾ ರಜೆಗೆ ಬೆಂಗಳೂರಿಂದ ಸಿರುಗುಪ್ಪಕ್ಕೆ, ಅಮ್ಮನ ಮನೆಗೆ ಹೋಗಿದ್ವಿ. ಮಗಳಿಗೆ ಆಗ ನಾಲ್ಕು ವರ್ಷ. ತುಂಗಭದ್ರೆ ನೋಡೋದು, ಭತ್ತದ ಗದ್ದೆಯಲ್ಲಿ ಕೊಕ್ಕರೆ ಎಣಿಸೋದು ಅವಳ ಪ್ಲಾನು. ಹೋದ ಮಾರನೇ ದಿನವೇ ಜ್ವರ. ರಕ್ತ ಪರೀಕ್ಷೆಯಲ್ಲಿ ಡೆಂಗಿ ಅಂತ ಬಂತು. ಅಮ್ಮ ಹಿತ್ತಲಿನ ನೀರಿನ ಡ್ರಮ್ಮು ನೋಡ್ತಾ "ನನ್ನಿಂದನೇ ಆತು" ಅಂತ ಅಳೋಕೆ ಶುರುಮಾಡಿದರು. ಸೊಳ್ಳೆ ಕಚ್ಚಿ 4ರಿಂದ 10 ದಿನಕ್ಕೆ ಜ್ವರ ಬರೋದು, ಕಚ್ಚಿದ್ದು ಬೆಂಗಳೂರಲ್ಲೇ ಅಂತ ಎಷ್ಟು ಹೇಳಿದರೂ ಡ್ರಮ್ಮು ಬೋರಲು ಹಾಕೋವರೆಗೆ ಸುಮ್ಮನಾಗಲಿಲ್ಲ.

ಐದನೇ ದಿನ ಮೈ ತಣ್ಣಗಾಯಿತು. ಅಮ್ಮ "ಸ್ತೋತ್ರ ಕರ್ತನೇ" ಅಂದರು. ನಾನು ಆಫೀಸಿನ ಗ್ರೂಪಿಗೆ 'ಆಲ್ ಓಕೆ' ಅಂತ ಮೆಸೇಜ್ ಹಾಕಿದೆ. ಆದರೆ ಹುಡುಗಿ ಏಳಲೇ ಇಲ್ಲ. ಹೊಟ್ಟೆ ನೋವು, ಎರಡು ಸಲ ವಾಂತಿ, ಅಂಗೈ ಅಂಗಾಲು ಮಂಜುಗಡ್ಡೆ. ಊರಿನ ಡಾಕ್ಟರು ನಾಡಿ ಹಿಡಿದು, "ಈಗಲೇ ಬಳ್ಳಾರಿಗೆ ಹೊರಡ್ರಿ" ಅಂದರು.

ಡೆಂಗಿಯ ಮೋಸವೇ ಇದು. ಜ್ವರ ಇಳಿಯೋ ಹೊತ್ತಿಗೇ ಅಪಾಯ ಶುರು. ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತೆ, ರಕ್ತ ಗಟ್ಟಿಯಾಗುತ್ತೆ, ಬಿಪಿ ಬೀಳುತ್ತೆ. ಆ 24ರಿಂದ 48 ಗಂಟೆ ದಾಟಿಸಬೇಕು. ವೈರಸ್ಸಿಗೆ ಅಂತ ಬೇರೆ ಔಷಧಿ ಇಲ್ಲ. ಅಳೆದು ಅಳೆದು ಡ್ರಿಪ್ ಕೊಡೋದು, ಕಾಯೋದು. ನಾವು ಪ್ಲೇಟ್‌ಲೆಟ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಅಂತ ಕೇಳ್ತಿದ್ದರೆ, ಬಳ್ಳಾರಿಯ ಡಾಕ್ಟರಮ್ಮ "ಅದಕ್ಕಿಂತ ಮಗು ಎಷ್ಟು ಸೂಸು ಮಾಡಿತು ಹೇಳಿ" ಅಂದರು. ಅಷ್ಟರಲ್ಲಿ ಫೋನಿನ ತುಂಬಾ ಪಪ್ಪಾಯಿ ಎಲೆ ರಸದ ಫಾರ್ವರ್ಡುಗಳು.

ಐಸಿಯು ಹೊರಗಿನ ಕಾರಿಡಾರಲ್ಲಿ ನಮ್ಮ ಚಾಪೆ ಪಕ್ಕ ಕುರುಗೋಡಿನ ಒಬ್ಬ ತಾಯಿಯ ಚಾಪೆ. ಅವರ ಮಗನಿಗೆ ಆರು ವರ್ಷ, ಅದೇ ಡೆಂಗಿ. ಗಂಡ ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯೋ ಕೆಲಸ. ಬೆಳಗ್ಗೆ ಅವರು ತಂದ ಒಗ್ಗರಣಿ ಮಿರ್ಚಿಯಲ್ಲಿ ನಮಗೂ ಪಾಲು. "ತಿನ್ನಣ್ಣಾ, ನೀ ಬಿದ್ರೆ ಕೂಸಿನ್ನ ಯಾರು ನೋಡ್ತಾರ?" ಅಂತಿದ್ದರು.

ಎರಡನೇ ರಾತ್ರಿ ಆ ತಾಯಿ ಅಮ್ಮನ ಹತ್ತಿರ ಬಂದು ಕೂತರು. "ನಿಮ್ಮ ಪ್ರಾರ್ಥನ್ಯಾಗ ನಮ್ಮ ಹುಡುಗನ್ನೂ ಸೇರಿಸ್ರಿ ಅಮ್ಮಾ." ಅಮ್ಮ ಅವರ ಕೈ ಹಿಡಕೊಂಡು ಇಬ್ಬರು ಮಕ್ಕಳ ಹೆಸರೂ ಹೇಳಿ ಪ್ರಾರ್ಥನೆ ಮಾಡಿದರು. ಮುಗಿದ ಮೇಲೆ ಆಕೆ ಸೆರಗಿನ ಗಂಟು ಬಿಚ್ಚಿ, ಕುರುಗೋಡಿನ ದೊಡ್ಡ ಬಸವೇಶ್ವರನ ವಿಭೂತಿ ಕೊಟ್ಟರು. "ನಿಮ್ಮ ಮೊಮ್ಮಗಳಿಗೆ."

ನಾನು ಅಮ್ಮನ ಮುಖ ನೋಡಿದೆ. ಹಬ್ಬದ ಪ್ರಸಾದವನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಹೆಂಗಸು. ಅಮ್ಮ ಎರಡೂ ಕೈ ಚಾಚಿ ತಗೊಂಡರು, ಮಾತ್ರೆ ಚೀಟಿಯಲ್ಲಿ ಮಡಚಿ ಬೈಬಲ್ಲಿನೊಳಗೆ ಇಟ್ಟರು. ಹಣೆಗೆ ಹಚ್ಚಲಿಲ್ಲ, ಬಿಸಾಡಲೂ ಇಲ್ಲ.

ಮರುದಿನ ಬೆಳಗ್ಗೆ ನರ್ಸ್ ಬಂದು "ಚೆನ್ನಾಗಿ ಸೂಸು ಮಾಡಿದಾಳೆ" ಅಂದರು. ಅಷ್ಟು ಚೆಂದದ ಸುದ್ದಿ ನಾನು ಕೇಳಿಲ್ಲ. ಮಧ್ಯಾಹ್ನ ಮಗಳು ಕಣ್ಣು ಬಿಟ್ಟು ಇಡ್ಲಿ ಕೇಳಿದಳು.

ಅವತ್ತೇ ರಾತ್ರಿ ಕುರುಗೋಡಿನ ಹುಡುಗ ಹೋಗಿಬಿಟ್ಟ.

ಅದೇ ಡಾಕ್ಟರು, ಅದೇ ಡ್ರಿಪ್ಪು, ಅದೇ ಪ್ರಾರ್ಥನೆ. ಅಮ್ಮ ಆ ತಾಯಿಯನ್ನ ತಬ್ಬಿಕೊಂಡು ಕೂತಿದ್ದರು, ಒಂದು ಮಾತೂ ಆಡಲಿಲ್ಲ. ನಾನು ಬಿಲ್ ಕಟ್ಟೋ ನೆಪದಲ್ಲಿ ಕೆಳಗೆ ಹೋಗಿ ನಿಂತೆ. ನನ್ನ ಮಗಳು ಬದುಕಿದ್ದಾಳೆ ಅನ್ನೋ ಖುಷಿಯನ್ನ ಮುಖದಿಂದ ಹೇಗೆ ತೆಗೆಯೋದು ಅಂತ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಸಭೆಯಲ್ಲಿ ಪಾಸ್ಟರು ಸಾಕ್ಷಿ ಹೇಳಲು ಕರೆದರು. ಎಲ್ಲರೂ ನಮಗಾಗಿ ಉಪವಾಸ ಇದ್ದವರು. 'ದೇವರು ನಮ್ಮ ಪ್ರಾರ್ಥನೆ ಕೇಳಿದ' ಅಂದರೆ ಸಾಕಿತ್ತು, ಹಲ್ಲೆಲೂಯಾ ಬರುತ್ತಿತ್ತು. ಆದರೆ ಆ ವಾಕ್ಯ ಗಂಟಲಲ್ಲೇ ನಿಂತಿತು. ಹಾಗಂದರೆ ಆಕೆಯದ್ದು ಕೇಳಲಿಲ್ಲ ಅಂತ ಅಲ್ಲವಾ?

ಹಿಂದಿನ ರಾತ್ರಿ ಇದನ್ನೇ ಅಮ್ಮನ ಹತ್ತಿರ ಕೇಳಿದ್ದೆ. ಅಮ್ಮ ದಾವೀದನ ಕಥೆ ತೆಗೆದಿದ್ದರು. ಅವನ ಕೂಸಿಗೆ ಕಾಯಿಲೆ ಆದಾಗ ಏಳು ದಿನ ಊಟ ಬಿಟ್ಟು ನೆಲದ ಮೇಲೆ ಬಿದ್ದು ಬೇಡಿಕೊಂಡ. ಅರಸ, ದೇವರಿಗೆ ಬೇಕಾದವನು. ಆದರೂ ಕೂಸು ಉಳಿಯಲಿಲ್ಲ. ಅದು ಅವನ ಪಾಪಕ್ಕೆ ಅಂತ ಬರೆದಿದೆ. ನಾನು ಅದನ್ನೇ ಹಿಡಿದು, "ಹಂಗಾದ್ರೆ ಆ ಹುಡುಗ ಯಾರ ಪಾಪಕ್ಕೆ?" ಅಂದೆ. ಅಮ್ಮ ಪುಸ್ತಕ ಮುಚ್ಚಿದರು. "ಹಂಗ ಯಾರಾರ ಆ ತಾಯಿ ಮುಂದ ಅಂದ್ರ ನಾ ಸುಮ್ಕ ಇರಾಕಿಲ್ಲ. ಯಾಕಂತ ನಂಗೂ ಗೊತ್ತಿಲ್ಲಪ್ಪ. ಗೊತ್ತಿಲ್ಲಂದ್ರೂ ಬೇಡಿಕೊಳ್ಳಾದು ಬಿಡಾಕ ಬರ್ತೈತೇನು?"

1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಬೈಬಲ್ಲನ್ನ ಕನ್ನಡಕ್ಕೆ ತರೋಕೆ ವರ್ಷಗಟ್ಟಲೆ ದುಡಿದರು ಅಂತ ಸಂಡೇ ಸ್ಕೂಲಲ್ಲಿ ಹೆಮ್ಮೆಯಿಂದ ಕಲಿತಿದ್ದೆ. ಆ ಪುಸ್ತಕದಲ್ಲಿ ಬದುಕಿ ಎದ್ದ ಯಾಯೀರನ ಮಗಳೂ ಇದ್ದಾಳೆ, ಏಳದ ದಾವೀದನ ಕೂಸೂ ಇದೆ. ಇಷ್ಟು ದಿನ ನಾನು ಮೊದಲನೆಯದನ್ನ ಮಾತ್ರ ಓದಿದ್ದೆ.

ಸಭೆಯಲ್ಲಿ ಎದ್ದು ನಿಂತು ಇಷ್ಟೇ ಹೇಳಿದೆ: "ಮಗಳು ಮನೆಗೆ ಬಂದಿದ್ದಾಳೆ, ಅದಕ್ಕೆ ದೇವರಿಗೆ, ಡಾಕ್ಟರಿಗೆ, ನರ್ಸುಗಳಿಗೆ, ನಿಮಗೆಲ್ಲ ವಂದನೆ. ಕುರುಗೋಡಿನಲ್ಲಿ ಒಬ್ಬ ತಾಯಿ ಇದ್ದಾರೆ. ಇವತ್ತು ಅವರಿಗಾಗಿ ಪ್ರಾರ್ಥಿಸೋಣ." ಹಲ್ಲೆಲೂಯಾ ಬರಲಿಲ್ಲ. ಹಿಂದಿನ ಸಾಲಲ್ಲಿ ಯಾರೋ ಬಿಕ್ಕಿದರು.

ಬೆಂಗಳೂರಿಗೆ ವಾಪಸ್ ಬರೋ ಮುಂಚೆ ಅಮ್ಮನ ಜೊತೆ ಕುರುಗೋಡಿಗೆ ಹೋಗಿಬಂದೆ. ಮಗಳನ್ನ ಕರಕೊಂಡು ಹೋಗಲಿಲ್ಲ, ಧೈರ್ಯ ಬರಲಿಲ್ಲ. ಆದರೆ ಆ ತಾಯಿ ಮೊದಲು ಕೇಳಿದ್ದೇ "ಕೂಸು ಹೆಂಗೈತಣ್ಣಾ, ಉಣ್ತೈತಾ?"

ವಿಭೂತಿ ಚೀಟಿ ಇನ್ನೂ ಅಮ್ಮನ ಬೈಬಲ್ಲಲ್ಲೇ ಇದೆ.